ಬಾರ್ಬೆಕ್ಯೂ ಸ್ಪರ್ಧೆಗೆ ಇಳಿಯುವ ಮೊದಲು ಯಾವ ಕ್ಲಾಸಿಗೆ ದುಡ್ಡು ಕಟ್ಟಬೇಕು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಕೆಲಸದ ಮೇಲೆ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಬಂದು ಆರು ವರ್ಷವಾಯಿತು. ಮನೆ ಹಿಂದೆ ವೆಬರ್ ಸ್ಮೋಕಿ ಮೌಂಟನ್ ಅನ್ನುವ, ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ ಇದೆ. ವಾರಕ್ಕೊಮ್ಮೆ ಕೋಳಿಯನ್ನೋ ಹಂದಿಯನ್ನೋ ಹೊಗೆಗೆ ಇಡುತ್ತೇನೆ. ತಿಂದವರೆಲ್ಲ ಚೆನ್ನಾಗಿದೆ ಅಂತಾರೆ. ಆಫೀಸಿನ ಮೂವರು ಗೆಳೆಯರ ಜೊತೆ ಮುಂದಿನ ಬೇಸಿಗೆಯಲ್ಲಿ ಒಂದು ಸ್ಪರ್ಧೆಗೆ ಹೋಗೋಣ ಅಂತಿದ್ದೇನೆ. ಹೆಸರಾಂತ ಪಿಟ್‌ಮಾಸ್ಟರ್ (ಬಾರ್ಬೆಕ್ಯೂ ಅಡುಗೆಯಲ್ಲಿ ಪಳಗಿದವರು) ಒಬ್ಬರ ಎರಡು ದಿನದ ಕ್ಲಾಸಿಗೆ 750 ಡಾಲರ್ ಕೇಳುತ್ತಿದ್ದಾರೆ. ಇನ್ನೊಬ್ಬರ ಆನ್‌ಲೈನ್ ಕ್ಲಾಸ್ 150 ಡಾಲರಿಗೆ ಸಿಗುತ್ತದೆ. ಯಾವುದು ಸೇರಲಿ? ಇನ್ನೊಂದು ವಿಷಯ, ನಾನು ದನದ ಮಾಂಸ ತಿನ್ನುವುದಿಲ್ಲ. ದನದ ಎದೆ ಮಾಂಸವಾದ ಬ್ರಿಸ್ಕೆಟ್ ಬಿಟ್ಟು ಸ್ಪರ್ಧೆ ಮಾಡಬಹುದಾ?

ಉತ್ತರ: "ತಿಂದವರೆಲ್ಲ ಚೆನ್ನಾಗಿದೆ ಅಂತಾರೆ" ಅಂತ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮನೆಗೆ ಬಂದವರು ತಟ್ಟೆ ತುಂಬ ತಿನ್ನುತ್ತಾರೆ. ಸ್ಪರ್ಧೆಯ ಜಡ್ಜ್ ಒಂದು ತುತ್ತು ತಿನ್ನುತ್ತಾರೆ, ಹೆಚ್ಚೆಂದರೆ ಎರಡು. ಉಪ್ಪು, ಸಿಹಿ, ಹುಳಿ, ಖಾರ, ಹೊಗೆ ಎಲ್ಲ ಆ ಒಂದೇ ತುತ್ತಿನಲ್ಲಿ ಅವರಿಗೆ ಗೊತ್ತಾಗಬೇಕು. ಅದಕ್ಕೇ ಸ್ಪರ್ಧೆಯವರು ಕಂದು ಸಕ್ಕರೆ, ಜೇನುತುಪ್ಪ, ಬೆಣ್ಣೆಯನ್ನು ಕೈಬಿಚ್ಚಿ ಹಾಕುತ್ತಾರೆ. ಅದೇ ಮಾಂಸವನ್ನು ಊಟಕ್ಕೆ ಬಡಿಸಿದರೆ ನಾಲ್ಕನೇ ತುತ್ತಿಗೆ ಮುಖ ಹೊಡೆಯುತ್ತದೆ. ಅಂದರೆ ಮನೆಯ ಬಾರ್ಬೆಕ್ಯೂ ಒಂದು ಅಡುಗೆ, ಸ್ಪರ್ಧೆಯದು ಬೇರೆಯೇ ಅಡುಗೆ. ನೀವು ದುಡ್ಡು ಕಟ್ಟುವ ಕ್ಲಾಸ್ ಈ ಎರಡನೆಯದನ್ನು ಕಲಿಸುತ್ತದಾ ಅನ್ನುವುದನ್ನು ಮೊದಲು ನೋಡಿ. ಎಷ್ಟೋ ಕ್ಲಾಸುಗಳ ಹೆಸರಲ್ಲಿ "ಚಾಂಪಿಯನ್" ಇರುತ್ತದೆ, ಒಳಗೆ ಕಲಿಸುವುದು ಹಿತ್ತಲಿನ ಅಡುಗೆಯನ್ನೇ. ಅದು ಕೆಟ್ಟದ್ದು ಅಂತಲ್ಲ. ನಿಮಗೆ ಈಗ ಬೇಕಾಗಿರುವುದು ಅದಲ್ಲ, ಅಷ್ಟೆ.

ನಾನು ಹಲವು ವರ್ಷ ಒಂದು ತಂಡದಲ್ಲಿ ಅಡುಗೆ ಮಾಡಿದ್ದೇನೆ, ಜಡ್ಜ್ ಆಗಿಯೂ ಕೂತಿದ್ದೇನೆ. ಆ ಮೇಜಿನ ಮುಂದೆ ಕೂತ ಮೇಲೆಯೇ ನನಗೆ ಸ್ಪರ್ಧೆ ಅಂದರೆ ಏನು ಅಂತ ಅರ್ಥವಾಗಿದ್ದು. ಒಂದು ಮೇಜಿಗೆ ಆರು ಜನ. ಮಾತಾಡುವ ಹಾಗಿಲ್ಲ. ಬಿಳಿ ಥರ್ಮೋಕೋಲ್ ಡಬ್ಬಿ ಬರುತ್ತದೆ, 9 ಇಂಚು ಉದ್ದ, 9 ಇಂಚು ಅಗಲ. ಯಾವ ತಂಡದ್ದು ಅಂತ ಗೊತ್ತಾಗದ ಹಾಗೆ ಬರೀ ನಂಬರ್ ಇರುತ್ತದೆ. ಮುಚ್ಚಳ ತೆರೆದು ತೋರಿಸುತ್ತಾರೆ. ನೋಟಕ್ಕೆ ಅಂಕ ಬರೆಯಬೇಕು. ಆಮೇಲೆ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಒಂದೊಂದು ತುಂಡು ಎತ್ತಿ ನಿಮ್ಮ ಮುಂದಿನ ಹಾಳೆಯ ಮೇಲೆ ಇಟ್ಟುಕೊಳ್ಳಬೇಕು. ಎಲ್ಲ ಡಬ್ಬಿ ಬಂದ ಮೇಲೆ ತಿನ್ನಲು ಶುರು. ನಡುವೆ ಬಾಯಿ ಶುದ್ಧಿಗೆ ಸಪ್ಪೆ ಬಿಸ್ಕತ್ತು, ನೀರು. ಒಂದು ಡಬ್ಬಿಯನ್ನು ಇನ್ನೊಂದಕ್ಕೆ ಹೋಲಿಸುವ ಹಾಗಿಲ್ಲ. ನಿಮ್ಮ ತಂಡ ರಾತ್ರಿಯಿಡೀ ನಿದ್ದೆಗೆಟ್ಟು ಮಾಡಿದ್ದು ಆ ಮೇಜಿನ ಮೇಲೆ ಕೆಲವೇ ನಿಮಿಷ ಇರುತ್ತದೆ.

ನೀವಿರುವ ಊರಿನಲ್ಲೇ ಹುಟ್ಟಿದ ಸಂಸ್ಥೆ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ. ಎಲ್ಲರೂ ಕೆಸಿಬಿಎಸ್ ಅನ್ನುತ್ತಾರೆ. ಇವರ ನಿಯಮದ ಸ್ಪರ್ಧೆಯಲ್ಲಿ ನಾಲ್ಕು ಮಾಂಸ: ಕೋಳಿ, ಹಂದಿಯ ಪಕ್ಕೆಲುಬು, ಹಂದಿಯ ಭುಜದ ಮಾಂಸ, ಆಮೇಲೆ ದನದ ಎದೆ ಭಾಗದ ಬ್ರಿಸ್ಕೆಟ್. ಪ್ರತಿ ಜಡ್ಜ್ ನೋಟ, ರುಚಿ, ಮೃದುತನ ಮೂರಕ್ಕೂ 9ರಿಂದ ಕೆಳಗೆ ಅಂಕ ಕೊಡುತ್ತಾರೆ. ಮೂರಕ್ಕೂ ಒಂದೇ ತೂಕ ಇಲ್ಲ. ನೋಟದ ಅಂಕವನ್ನು 0.56ರಿಂದ ಗುಣಿಸುತ್ತಾರೆ, ರುಚಿಯನ್ನು 2.2972ರಿಂದ, ಮೃದುತನವನ್ನು 1.1428ರಿಂದ. ಆರು ಜಡ್ಜ್‌ಗಳಲ್ಲಿ ಅತಿ ಕಡಿಮೆ ಕೊಟ್ಟವರದ್ದನ್ನು ಬಿಟ್ಟು ಉಳಿದ ಐವರದ್ದನ್ನು ಕೂಡುತ್ತಾರೆ. ಒಂದು ಮಾಂಸಕ್ಕೆ ಹೆಚ್ಚೆಂದರೆ 180, ನಾಲ್ಕಕ್ಕೂ ಸೇರಿ 720.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಕ್ಲಾಸಿನ ಬೆಲೆಯನ್ನು ಇದರಿಂದಲೇ ಅಳೆಯಬಹುದು. ಐದೂ ಜಡ್ಜ್‌ಗಳು ನೋಟಕ್ಕೆ 9ರ ಬದಲು 8 ಕೊಟ್ಟರೆ ನೀವು ಕಳೆದುಕೊಳ್ಳುವುದು 2.8 ಅಂಕ. ಮೃದುತನಕ್ಕೆ 8 ಕೊಟ್ಟರೆ 5.7. ರುಚಿಗೆ 8 ಕೊಟ್ಟರೆ ಹತ್ತಿರ ಹತ್ತಿರ 11.5. ಹಾಗಿದ್ದ ಮೇಲೆ ಡಬ್ಬಿಯಲ್ಲಿ ಪಾರ್ಸ್ಲಿ ಎಲೆ ಜೋಡಿಸುವುದನ್ನೇ ಮೂರು ಗಂಟೆ ಕಲಿಸುವ ಕ್ಲಾಸಿಗೆ ಯಾಕೆ ದುಡ್ಡು ಕೊಡಬೇಕು? ನಿಯಮದ ಪ್ರಕಾರ ಸೊಪ್ಪು ಹಾಕಲೇಬೇಕು ಅಂತಲೂ ಇಲ್ಲ. ಚೆಂದದ ಡಬ್ಬಿ ಬೇಕು, ನಿಜ. ಅದನ್ನು ಮನೆಯಲ್ಲಿ ಹತ್ತು ಸಲ ಜೋಡಿಸಿ ಫೋಟೋ ತೆಗೆದು ನೋಡಿದರೆ ಬರುತ್ತದೆ. ರುಚಿ ಮತ್ತು ಹದ ಹಾಗೆ ಬರುವುದಿಲ್ಲ.

ಹದ ಕೈಗೆ ಬರಬೇಕು. ನನ್ನ ಮೊದಲ ಕ್ಲಾಸಿನಲ್ಲಿ ಅದು ಬರಲಿಲ್ಲ. ಹೆಸರು ಬೇಡ. ಹತ್ತಿರ ಹತ್ತಿರ ಅರವತ್ತು ಜನ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಕಲಿಸುವವರು ದೂರದಲ್ಲಿ ನಿಂತು ಮಾಂಸ ಕತ್ತರಿಸುತ್ತಿದ್ದರು, ನಮಗೆ ಕಾಣುತ್ತಿದ್ದುದು ಅವರ ಬೆನ್ನು. "ಈಗ ಇದು ಆಗಿದೆ" ಅಂದರು. ಹೇಗೆ ಆಗಿದೆ ಅಂತ ಯಾರಿಗೂ ಮುಟ್ಟಿ ನೋಡಲು ಕೊಡಲಿಲ್ಲ. ಸಂಜೆ ಮಸಾಲೆ ಪೊಟ್ಟಣ ಕೈಗಿಟ್ಟು ಕಳಿಸಿದರು. ಮನೆಗೆ ಬಂದು ಅದೇ ಮಸಾಲೆ ಹಾಕಿ ಮಾಡಿದೆ. ಪಕ್ಕೆಲುಬು ರಬ್ಬರಿನ ಹಾಗಿತ್ತು. ಮಸಾಲೆ ಸರಿಯಾಗಿಯೇ ಇತ್ತು, ನನ್ನ ಕೈಗೆ ಏನೂ ಗೊತ್ತಿರಲಿಲ್ಲ.

ಎರಡನೆಯ ಕ್ಲಾಸಿನಲ್ಲಿ ಹನ್ನೆರಡು ಜನ ಇದ್ದೆವು. ಕೋಳಿ ತೊಡೆಯಿಂದ ಶುರುವಾಯಿತು. ಚರ್ಮ ಬಿಡಿಸಿ ಹಲಗೆ ಮೇಲೆ ಮಗುಚಿ ಹಾಕಬೇಕು. ಒಳಮೈಯಲ್ಲಿ ಹಳದಿ ಬಣ್ಣದ ಕೊಬ್ಬು ಅಂಟಿಕೊಂಡಿರುತ್ತದೆ. ಚಾಕುವನ್ನು ಚೂರು ಓರೆ ಹಿಡಿದು, ಒತ್ತದೆ, ಒಂದೇ ದಿಕ್ಕಿಗೆ ಹೆರೆಯಬೇಕು. ಜಾಸ್ತಿ ಒತ್ತಿದರೆ ಚರ್ಮ ಹರಿಯುತ್ತದೆ. ಕಡಿಮೆ ಹೆರೆದರೆ ಕೊಬ್ಬು ಉಳಿದು, ಜಡ್ಜ್ ಕಚ್ಚಿದಾಗ ಇಡೀ ಚರ್ಮ ಹಲ್ಲಿಗೆ ಸಿಕ್ಕಿ ಮಾಂಸದ ಮೇಲಿಂದ ಕಿತ್ತು ಬರುತ್ತದೆ. ಹದವಾಗಿ ಹೆರೆದ ಚರ್ಮವನ್ನು ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚಿದ ಕಾಗದದ ಹಾಗೆ ಕಾಣುತ್ತದೆ. ಮೊದಲ ಮೂರು ಚರ್ಮ ಹರಿದೆ. ಕಲಿಸುವವರು ಪಕ್ಕದಲ್ಲೇ ನಿಂತು ನನ್ನ ಮಣಿಕಟ್ಟು ಹಿಡಿದು ಚಾಕುವಿನ ಓರೆ ಸರಿ ಮಾಡಿದರು. ನಾಲ್ಕನೆಯದು ಬಂತು. ಆ ಓರೆ ಇವತ್ತಿಗೂ ನನ್ನ ಕೈಯಲ್ಲಿದೆ. 150 ಡಾಲರಿನ ವಿಡಿಯೋ ನಿಮಗೆ ಇದನ್ನು ತೋರಿಸಬಲ್ಲದು, ಕೈ ಹಿಡಿದು ಸರಿ ಮಾಡಲಾರದು.

ಆದ್ದರಿಂದ ಆ 750 ಡಾಲರಿನವರಿಗೆ ಫೋನ್ ಮಾಡಿ ಮೊದಲು ಕೇಳಬೇಕಾದ್ದು, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತೀರಿ, ನಾನು ಮಾಂಸ ಮುಟ್ಟುತ್ತೇನಾ, ನನ್ನ ಕೈಯಲ್ಲಿ ಚಾಕು ಇರುತ್ತದಾ ಅಂತ. ಇಪ್ಪತ್ತು ಜನಕ್ಕಿಂತ ಜಾಸ್ತಿ ಇದ್ದು, ಕಲಿಸಲು ಒಬ್ಬರೇ ಇದ್ದರೆ ನಾನು ಸೇರುವುದಿಲ್ಲ.

ಮುಂದಿನ ಪ್ರಶ್ನೆ, ಅವರು ಗೆದ್ದಿದ್ದು ಯಾವ ನಿಯಮದಲ್ಲಿ, ಯಾವಾಗ. ಇದನ್ನು ಹೊಸಬರು ಯಾರೂ ಕೇಳುವುದಿಲ್ಲ. ಟೆಕ್ಸಾಸಿನ ಐಬಿಸಿಎ ಅನ್ನುವ ಸಂಸ್ಥೆಯ ಸ್ಪರ್ಧೆಯಲ್ಲಿ ಕೋಳಿಯನ್ನು ಅರ್ಧ ಕೋಳಿಯಾಗಿಯೇ ಕೊಡಬೇಕು, ಸೊಪ್ಪಿನ ಅಲಂಕಾರ ಇಲ್ಲ. ಮೆಂಫಿಸ್ ಕಡೆಯ ಸ್ಪರ್ಧೆಗಳಲ್ಲಿ ಬರೀ ಹಂದಿ: ಇಡೀ ಹಂದಿ, ಭುಜ, ಪಕ್ಕೆಲುಬು. ಜಡ್ಜ್‌ಗಳು ನಿಮ್ಮ ಜಾಗಕ್ಕೇ ಬಂದು ಕೂರುತ್ತಾರೆ, ನೀವು ಮಾಡಿದ್ದನ್ನು ವಿವರಿಸಿ ಬಡಿಸಬೇಕು. ಟೆಕ್ಸಾಸಿನಲ್ಲಿ ಹತ್ತು ಟ್ರೋಫಿ ಗೆದ್ದವರು ಒಳ್ಳೆಯ ಅಡುಗೆಯವರೇ. ಆದರೂ ನಿಮ್ಮ ಕ್ಯಾನ್ಸಸ್ ಸಿಟಿಯ ಜಡ್ಜ್‌ಗೆ ಬೇಕಾದ ಸಿಹಿ ಅವರ ಕೈಯಲ್ಲಿ ಇಲ್ಲದಿರಬಹುದು. ಈ ರುಚಿ ವರ್ಷದಿಂದ ವರ್ಷಕ್ಕೆ ಸರಿಯುತ್ತಲೂ ಇರುತ್ತದೆ. ಹತ್ತು ವರ್ಷದ ಹಿಂದೆ ಗೆದ್ದು ಆಮೇಲೆ ಬರೀ ಕ್ಲಾಸ್ ನಡೆಸುತ್ತಿರುವವರಿಗಿಂತ, ಕಳೆದ ಎರಡು ವರ್ಷದಲ್ಲಿ ಕೆಸಿಬಿಎಸ್ ಸ್ಪರ್ಧೆಗಳಲ್ಲಿ ಮೇಲಿನ ಹತ್ತರೊಳಗೆ ಬರುತ್ತಿರುವ ಕಡಿಮೆ ಹೆಸರಿನವರು ನಿಮಗೆ ವಾಸಿ. ಸ್ಪರ್ಧೆಗಳ ಫಲಿತಾಂಶ ಎಲ್ಲರಿಗೂ ಸಿಗುತ್ತದೆ, ನೋಡಿಕೊಳ್ಳಿ.

ಯಾವ ಒಲೆಯಲ್ಲಿ ಕಲಿಸುತ್ತಾರೆ ಅನ್ನುವುದನ್ನೂ ಕೇಳಿ. ಸಾವಿರಾರು ಡಾಲರಿನ ದೊಡ್ಡ ಸ್ಮೋಕರಿನಲ್ಲಿ ಅವರು ಹೇಳುವ ಸಮಯ ನಿಮ್ಮ ವೆಬರ್‌ಗೆ ಹೊಂದುವುದಿಲ್ಲ. ಒಲೆ ಚಿಕ್ಕದು ಅಂತ ಮಾತ್ರ ಅಂಜಬೇಡಿ. ಕ್ಯಾಲಿಫೋರ್ನಿಯಾದಲ್ಲಿರುವ, ಮಲೇಷ್ಯಾದಲ್ಲಿ ಹುಟ್ಟಿದ ಹ್ಯಾರಿ ಸೂ ಇಂಥದೇ ವೆಬರ್ ಸ್ಮೋಕಿ ಮೌಂಟನ್‌ಗಳನ್ನು ಸಾಲಾಗಿ ಇಟ್ಟುಕೊಂಡು ದೊಡ್ಡ ದೊಡ್ಡ ಸ್ಪರ್ಧೆ ಗೆದ್ದವರು, ಕ್ಲಾಸುಗಳನ್ನೂ ನಡೆಸಿದವರು. ಬೇರೆ ದೇಶದಿಂದ ಬಂದು, ಬೇರೆ ನಾಲಿಗೆ ಇಟ್ಟುಕೊಂಡು, ಇಲ್ಲಿನ ಜಡ್ಜ್‌ಗಳ ಬಾಯಿರುಚಿ ಕಲಿತು ಗೆದ್ದರು ಅನ್ನುವುದು ನನಗೆ ಯಾವಾಗಲೂ ಧೈರ್ಯ ಕೊಟ್ಟಿದೆ. ನಿಮಗೂ ಕೊಡಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಕ್ಲಾಸಿನಿಂದ ನೀವು ತರಬೇಕಾದದ್ದು ಮಸಾಲೆಯ ಗುಟ್ಟಲ್ಲ, ಗಡಿಯಾರ. ಕೆಸಿಬಿಎಸ್ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಕೋಳಿ, 12.30ಕ್ಕೆ ಪಕ್ಕೆಲುಬು, 1ಕ್ಕೆ ಭುಜದ ಮಾಂಸ, 1.30ಕ್ಕೆ ಬ್ರಿಸ್ಕೆಟ್ ಕೊಡಬೇಕು. ಆ ಹೊತ್ತಿಗೆ ಐದು ನಿಮಿಷ ಹಿಂದೆ, ಐದು ನಿಮಿಷ ಮುಂದೆ, ಅಷ್ಟೇ ಅವಕಾಶ. ಆಮೇಲೆ ಒಂದು ನಿಮಿಷ ತಡವಾದರೂ ತಗೊಳ್ಳುವುದಿಲ್ಲ. ನಾಲ್ಕು ಮಾಂಸ, ನಾಲ್ಕು ಬೇರೆ ಬೇರೆ ಹದ, ಅರ್ಧ ಅರ್ಧ ಗಂಟೆಗೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಪಂಕ್ತಿ ಕೂರುವ ಹೊತ್ತು ಕೇಳಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬೆಳಗಿನ ಜಾವ ಒಲೆ ಹಚ್ಚುತ್ತಾರಲ್ಲ, ಅದೇ ಲೆಕ್ಕ ಇದು. ಒಳ್ಳೆಯ ಕ್ಲಾಸ್ ಆ ಲೆಕ್ಕವನ್ನು ಬರೆದು ಕೊಡುತ್ತದೆ. ಕೆಂಡ ಎಷ್ಟು ಹೊತ್ತಿಗೆ, ಮಾಂಸ ಎಷ್ಟು ಹೊತ್ತಿಗೆ, ಫಾಯಿಲ್ ಸುತ್ತುವುದು ಯಾವಾಗ, ತೆಗೆದು ಎಷ್ಟು ಹೊತ್ತು ಸುಮ್ನೆ ಬಿಡಬೇಕು ಅಂತ ಪ್ರತಿ ಸಾಲೂ ಇರುತ್ತದೆ. ಕ್ಲಾಸಿನ ಕೊನೇ ದಿನ ನಿಜವಾದ ಸ್ಪರ್ಧೆಯ ಹಾಗೆ 12 ಗಂಟೆಗೆ ಡಬ್ಬಿ ಕೊಡಿಸುತ್ತಾರಾ ಅಂತ ಕೇಳಿ. ಕೊಡಿಸುತ್ತಾರೆ ಅಂದರೆ ಆ ದುಡ್ಡಿಗೆ ಅರ್ಧ ಬೆಲೆ ಅಲ್ಲೇ ಬಂತು. ನೋಟ್ಸ್ ಕೊಡುತ್ತಾರಾ, ಫೋಟೋ ತೆಗೆಯಬಹುದಾ, ಕ್ಲಾಸ್ ಮುಗಿದ ಮೇಲೆ ಸಂದೇಹ ಬಂದರೆ ಫೋನ್ ಎತ್ತುತ್ತಾರಾ, ಇವನ್ನೂ ಕೇಳಿ.

ಅವರು "ಯಾಕೆ" ಅನ್ನುವುದನ್ನು ಹೇಳಿಕೊಡುತ್ತಾರಾ ಅಂತ ತಿಳಿಯಲು ನನ್ನದೊಂದು ಉಪಾಯ ಇದೆ. ಭುಜದ ಮಾಂಸ 150-170 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ, ಯಾಕೆ ಅಂತ ಕೇಳಿ. ಗೊತ್ತಿದ್ದವರು ಹೇಳುತ್ತಾರೆ: ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ. ನಮ್ಮ ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದೂ ಇದೇ ಕಾರಣಕ್ಕೆ. ಫಾಯಿಲ್ ಸುತ್ತಿದರೆ ಆವಿ ಹೊರಗೆ ಹೋಗುವುದಿಲ್ಲ, ಶಾಖ ಮತ್ತೆ ಏರುತ್ತದೆ. ಇನ್ನು 195ರಿಂದ 205ರವರೆಗೆ ಯಾಕೆ ಬೇಯಿಸಬೇಕು? ಮಾಂಸದ ನಾರಿನ ನಡುವಿನ ಗಟ್ಟಿ ಪೊರೆ ನಿಧಾನವಾಗಿ ಕರಗಿ ಜೆಲಟಿನ್ ಆಗಬೇಕು. ಕಾಲು ಸೂಪು ತಣ್ಣಗಾದಾಗ ಗಟ್ಟಿಯಾಗಿ ತುಟಿಗೆ ಅಂಟುತ್ತದಲ್ಲ, ಅದೇ ಇದು. ಅಷ್ಟಾದ ಮೇಲೂ ಥರ್ಮಾಮೀಟರಿನ ಅಂಕಿ ಕೊನೇ ಮಾತಲ್ಲ. ಸೂಜಿ ಚುಚ್ಚಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. "203 ಬಂದರೆ ತೆಗೆಯಿರಿ" ಅಂತ ಮಾತ್ರ ಹೇಳಿ ಮುಂದೆ ಹೋಗುವವರಿಂದ ನೀವು ಹೆಚ್ಚು ಕಲಿಯಲಾರಿರಿ. ಬೇರೆ ತೂಕದ ಮಾಂಸ, ಗಾಳಿ ಬೀಸುವ ಬೆಳಗು, ಒದ್ದೆ ಇದ್ದಿಲು ಬಂದ ದಿನ ಏನು ಮಾಡಬೇಕೆಂದು ಕಾರಣ ಗೊತ್ತಿದ್ದವರಿಗೆ ಮಾತ್ರ ಹೊಳೆಯುತ್ತದೆ.

ಪಕ್ಕೆಲುಬಿನ ವಿಷಯ ಬಂದಾಗ ಇನ್ನೊಂದು ಪರೀಕ್ಷೆ. "ಮೂಳೆಯಿಂದ ಕಳಚಿ ಬೀಳುವಷ್ಟು ಮೆತ್ತಗೆ" ಅಂತ ಹೊಗಳಿಕೊಳ್ಳುವ ಕ್ಲಾಸ್ ಆದರೆ ಅಲ್ಲಿಂದ ಎದ್ದು ಬನ್ನಿ. ಸ್ಪರ್ಧೆಯಲ್ಲಿ ಕಳಚಿ ಬಿದ್ದರೆ ಅದು ಅತಿಯಾಗಿ ಬೆಂದಿದೆ ಅಂತ ಲೆಕ್ಕ. ಕಚ್ಚಿದ ಜಾಗದಲ್ಲಿ ಹಲ್ಲಿನ ಗುರುತು ನಿಲ್ಲಬೇಕು, ಸುತ್ತಲಿನ ಮಾಂಸ ಮೂಳೆಗೆ ಅಂಟಿಕೊಂಡೇ ಇರಬೇಕು.

ಮಸಾಲೆ ಮಾರುವುದು ತಪ್ಪಲ್ಲ, ಬಹುತೇಕ ಎಲ್ಲರೂ ಮಾರುತ್ತಾರೆ. ಅವರ ಪೊಟ್ಟಣ ಇಲ್ಲದೆ ಅಡುಗೆ ಮಾಡುವುದು ಹೇಗೆ ಅಂತಲೂ ಹೇಳಿಕೊಟ್ಟರೆ ಸಾಕು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ದನದ ಮಾಂಸ ತಿನ್ನದೆ ಸ್ಪರ್ಧೆ ಮಾಡಬಹುದು. ಕೆಸಿಬಿಎಸ್ ಸ್ಪರ್ಧೆಯಲ್ಲಿ ಒಟ್ಟು ಗೆಲುವಿಗೆ ನಾಲ್ಕೂ ಮಾಂಸ ಕೊಡಬೇಕು. ಬ್ರಿಸ್ಕೆಟ್ ಬಿಟ್ಟರೆ ಆ ದಾರಿ ಮುಚ್ಚುತ್ತದೆ. ಹೊಸಬರಿಗಾಗಿಯೇ ಬ್ಯಾಕ್‌ಯಾರ್ಡ್ ವಿಭಾಗ ಅಂತ ಬಹಳ ಕಡೆ ಇರುತ್ತದೆ. ಅದರಲ್ಲಿ ಮಾಂಸಗಳು ಕಡಿಮೆ, ಎಷ್ಟೋ ಕಡೆ ಬರೀ ಕೋಳಿ ಮತ್ತು ಪಕ್ಕೆಲುಬು. ಪ್ರವೇಶದ ದುಡ್ಡೂ ಕಡಿಮೆ. ನಿಮ್ಮ ಮೊದಲ ಸ್ಪರ್ಧೆ ಇದೇ ಆಗಲಿ ಅಂತ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ವಿಭಾಗಕ್ಕೆ ಹೋದರೆ ಪ್ರವೇಶ, ಮಾಂಸ, ಇದ್ದಿಲು, ಓಡಾಟ ಎಲ್ಲ ಸೇರಿ ಒಂದು ವಾರಾಂತ್ಯಕ್ಕೆ ಸಾವಿರ ಡಾಲರ್ ಸುಲಭವಾಗಿ ಖರ್ಚಾಗುತ್ತದೆ.

ಮುಂದೆ ನಾಲ್ಕೂ ಮಾಡಬೇಕು ಅನ್ನಿಸಿದರೆ ಬ್ರಿಸ್ಕೆಟ್ಟನ್ನು ತಿನ್ನುವ ಗೆಳೆಯರೊಬ್ಬರ ಕೈಗೆ ಪೂರ್ತಿ ಬಿಡಿ, ಅವರನ್ನೂ ಕ್ಲಾಸಿಗೆ ಕರೆದುಕೊಂಡು ಹೋಗಿ. ಜೊತೆಗೆ ಬರುವ ಇನ್ನೊಬ್ಬರಿಗೆ ಹಲವರು ಶುಲ್ಕ ಕಡಿಮೆ ಮಾಡುತ್ತಾರೆ. ಬೆಂದಿದೆಯೋ ಇಲ್ಲವೋ ಎಂಬುದನ್ನು ಸೂಜಿಯಿಂದ ನೀವೂ ತಿಳಿಯಬಹುದು. ಉಪ್ಪು, ಸಿಹಿ ಸರಿಯಾಗಿದೆಯಾ ಅನ್ನುವುದಕ್ಕೆ ನಾಲಿಗೆಯೇ ಬೇಕು. ಅರ್ಧಕ್ಕಿಂತ ಜಾಸ್ತಿ ಅಂಕ ಅಲ್ಲೇ ಇದೆ ಅಂತ ಮೇಲೆ ನೋಡಿದಿರಲ್ಲ.

ಮೆಂಫಿಸ್ ನಿಮಗೆ ಕಾರಿನಲ್ಲಿ ಸುಮಾರು ಏಳು ಗಂಟೆಯ ದಾರಿ. 1978ರಿಂದ ನಡೆಯುತ್ತಿರುವ ಮೆಂಫಿಸ್ ಇನ್ ಮೇ ಸ್ಪರ್ಧೆಯ ಜೀವ ಹಂದಿ ಮಾಂಸ. ಕೊಡಗಿನವರಿಗೆ ಹಂದಿಯ ಕೊಬ್ಬು ಎಷ್ಟು ಬಿಡಬೇಕು, ಎಷ್ಟು ತೆಗೆಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲೆ ಹೊಗೆಗೆ ಮಾಂಸ ಒಣಗಿಸುವುದನ್ನು ನೋಡುತ್ತಾ ಬೆಳೆದಿರುತ್ತೀರಿ. ಆದರೂ ಪಂದಿ ಕರಿಯ ಕಡು ಮೆಣಸು, ಕಾಚಂಪುಳಿಯ ಹುಳಿ ಇಲ್ಲಿನ ಜಡ್ಜ್‌ಗೆ ಹೊಸದು. ಅವರು ಸಿಹಿಯನ್ನು ಎದುರು ನೋಡುತ್ತಾ ಕೂತಿರುತ್ತಾರೆ. ನಾನಾದರೆ ಸಾಸಿನಲ್ಲಿ ಆ್ಯಪಲ್ ವಿನೆಗರ್ ಹಾಕುವ ಜಾಗದಲ್ಲಿ ಕೆಲವೇ ಹನಿ ಕಾಚಂಪುಳಿ ಹಾಕಿ ನೋಡುತ್ತೇನೆ. ಇಂಥದ್ದು ಕಲಿಸುವವರಿಗೆ ಹೇಳಿ, ಕ್ಲಾಸಿನಲ್ಲೇ ರುಚಿ ನೋಡಿಸಿ. ಕುತೂಹಲದಿಂದ ಕೇಳಿಸಿಕೊಳ್ಳುವವರು ಒಳ್ಳೆಯ ಗುರುಗಳು.

ಹಾಗಾದರೆ 750ರದ್ದಾ, 150ರದ್ದಾ? ಸದ್ಯಕ್ಕೆ ಎರಡೂ ಬೇಡ. ಮೊದಲು ಕೆಸಿಬಿಎಸ್‌ನವರು ಜಡ್ಜ್‌ಗಳಿಗೆ ನಡೆಸುವ ತರಬೇತಿಗೆ ಹೋಗಿ. ಒಂದು ದಿನದೊಳಗೆ ಮುಗಿಯುತ್ತದೆ, ಅಡುಗೆ ಕ್ಲಾಸಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. 9 ಅಂದರೆ ಬಾಯಲ್ಲಿ ಹೇಗಿರುತ್ತದೆ, 6 ಅಂದರೆ ಹೇಗಿರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಆರು ತುಂಡು ಇಲ್ಲದ ಡಬ್ಬಿ, ಅಂಚು ಕೆಂಪಿರುವ ಲೆಟಿಸ್, ಒಳಗೆ ಉಳಿದ ಫಾಯಿಲ್ ಚೂರು, ಇಂಥವುಗಳಿಗೆ ಶಿಕ್ಷೆ ಏನು ಅಂತಲೂ ತಿಳಿಯುತ್ತದೆ. ಅಲ್ಲಿ ನಾಲ್ಕೂ ಮಾಂಸದ ರುಚಿ ನೋಡಿಸುತ್ತಾರೆ. ಬ್ರಿಸ್ಕೆಟ್ ತಿನ್ನುವುದಿಲ್ಲ ಅಂತ ಹೆಸರು ಕೊಡುವ ಮೊದಲೇ ಹೇಳಿ, ಹೇಗೆ ಅಂತ ಕೇಳಿಕೊಳ್ಳಿ.

ಆಮೇಲೆ ಚಳಿಗಾಲದಲ್ಲಿ, ಜನವರಿಯಿಂದ ಮಾರ್ಚ್ ಒಳಗೆ, ಕೈಗೆ ಚಾಕು ಕೊಡುವ ಚಿಕ್ಕ ಕ್ಲಾಸಿಗೆ ಸೇರಿ. ಆ 750ರವರು ಮೇಲಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟರೆ ಅವರೇ ಆಗಲಿ, ದುಡ್ಡು ದಂಡವಲ್ಲ. ಸ್ಪರ್ಧೆಗೆ ಎರಡು ವಾರ ಇರುವಾಗ ಮಾತ್ರ ಹೋಗಬೇಡಿ. ಕಲಿತದ್ದನ್ನು ಅದೇ ಗಡಿಯಾರಕ್ಕೆ ಮೂರು ಸಲವಾದರೂ ಮನೆಯಲ್ಲಿ ಮಾಡಬೇಕು. ಆನ್‌ಲೈನ್ ಕ್ಲಾಸ್ ಆ ಅಭ್ಯಾಸದ ದಿನಗಳಲ್ಲಿ ಮರೆತದ್ದನ್ನು ನೆನಪಿಸಿಕೊಳ್ಳಲು ಉಪಯೋಗಕ್ಕೆ ಬರುತ್ತದೆ, ಬೇಕೆನಿಸಿದರೆ ಆಗ ತಗೊಳ್ಳಿ. ಮಾಂಸದ ವಿಜ್ಞಾನದಲ್ಲೇ ಆಸೆ ಹುಟ್ಟಿದರೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮಾಂಸ ವಿಜ್ಞಾನದವರು ನಡೆಸುವ ಶಿಬಿರಗಳೂ ಇವೆ, ಆದರೆ ಅಲ್ಲಿ ಸ್ಪರ್ಧೆಗೆ ತಯಾರು ಮಾಡುವುದಿಲ್ಲ.

ನಿಮ್ಮ ಊರಿನಲ್ಲೇ 1980ರಿಂದ ಅಮೆರಿಕನ್ ರಾಯಲ್ ಸ್ಪರ್ಧೆ ನಡೆಯುತ್ತಿದೆ, ಜಗತ್ತಿನ ದೊಡ್ಡ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಒಂದು. ಅಲ್ಲಿಗೆ ಅಥವಾ ಹತ್ತಿರದ ಯಾವುದಾದರೂ ಚಿಕ್ಕ ಸ್ಪರ್ಧೆಗೆ ಹಿಂದಿನ ದಿನ ಸಂಜೆಯೇ ಹೋಗಿ. ಮಾಂಸ ತಪಾಸಣೆ ಮುಗಿದು, ಕೆಂಡ ಹಚ್ಚುವ ಮೊದಲು ತಂಡದವರು ಬಿಡುವಾಗಿರುತ್ತಾರೆ. "ಹೊಸಬ, ಕಲಿಯಬೇಕು, ಪಾತ್ರೆ ತೊಳೆದು ಕೊಡುತ್ತೇನೆ" ಅಂದರೆ ಒಂದಲ್ಲ ಒಂದು ತಂಡ ಒಳಗೆ ಕರೆಯುತ್ತದೆ, ನನ್ನನ್ನೂ ಹಾಗೇ ಕರೆದಿದ್ದರು. ಮರುದಿನ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಮಾತ್ರ ಯಾರನ್ನೂ ಮಾತಾಡಿಸಬೇಡಿ. ಕ್ಲಾಸ್ ದಿನಕ್ಕೆ ಮಸೆದ ಚಿಕ್ಕ ಚಾಕು ನಿಮ್ಮದೇ ಇರಲಿ, ನಾಳೆ ಸ್ಪರ್ಧೆಯಲ್ಲೂ ಅದೇ ಚಾಕು ಹಿಡಿಯಬೇಕು. ಕೋಳಿ ತೊಡೆ ಒಂದು ಡಜನ್ ಜಾಸ್ತಿ ತಗೊಂಡು ಹೋಗಿ, ಕಲಿಸುವವರು ಬೇಡ ಅನ್ನುವುದಿಲ್ಲ. ಮೊದಲ ಕೆಲವು ಚರ್ಮ ಹರಿದೇ ಹರಿಯುತ್ತದೆ.